ರಕ್ತದ ಪ್ರೋಟೀನಿನಲ್ಲಿ ಒಂದಕ್ಷರದ ವ್ಯತ್ಯಯ

ಕನ್ನಡದ ಹಳೆಯ ಶಾಲಾಪುಸ್ತಕಗಳಲ್ಲಿ ಪ್ರೋಟೀನಿಗೆ 'ಸಸಾರಜನಕ'ವೆಂಬ ಹೆಸರು ರೂಢಿಯಲ್ಲಿತ್ತು. ಗಾಳಿಯ ಬಹುಭಾಗವಾಗಿರುವ ನೈಟ್ರೋಜನ್ ಅನಿಲಕ್ಕೆ ಸಾರಜನಕವೆಂದು ಹೆಸರು. ಅದನ್ನು ಒಳಗೊಂಡುದು ಸಸಾರಜನಕ. ಶಬ್ದವು ವ್ಯಾಕರಣಶುದ್ಧವಾಗಿದೆ, ಅರ್ಥವೂ ತಪ್ಪಲ್ಲ. ಆದರೆ ಆ ವಸ್ತುವಿನಲ್ಲಿ ಏನಿದೆ ಎಂಬುದನ್ನು ಅದು ತಿಳಿಸುತ್ತದೆಯೇ ಹೊರತು ಆ ವಸ್ತುವು ಹೇಗಿದೆ ಎಂಬುದನ್ನು ತಿಳಿಸುವುದಿಲ್ಲ. ಡಚ್ ರಸಾಯನಶಾಸ್ತ್ರಜ್ಞರಾದ ಮುಲ್ಡರ್ ಎಂಬವರು ಸ್ವೀಡನ್ನಿನ ಬರ್ಜೀಲಿಯಸ್ಸರ ಸೂಚನೆಯಂತೆ 1838ನೆಯ ಇಸವಿಯಲ್ಲಿ ಬಳಕೆಗೆ ತಂದ 'ಪ್ರೋಟೀನ್' ಎಂಬ ಶಬ್ದದಲ್ಲಿಯೂ ಇದೇ ನ್ಯೂನತೆಯುಂಟು. ಗ್ರೀಕ್ ಭಾಷೆಯಲ್ಲಿ ಅದರ ಮೂಲಾರ್ಥವು 'ಪ್ರಥಮಸ್ಥಾನದಲ್ಲಿರುವುದು' ಎಂದು. ಇದು ಪ್ರಶಂಸೆಯಾಯಿತೇ ಹೊರತು ಲಕ್ಷಣವಾಗಲಿಲ್ಲ. ಇಪ್ಪತ್ತನೆಯ ಶತಮಾನದ ಶೋಧನೆಗಳೆಲ್ಲವೂ ಸೇರಿ ಸ್ಥಾಪಿಸಿರುವ ಮುಖ್ಯ ವಿಷಯವಾದರೋ ಈ ವಸ್ತುಗಳ ಆಕೃತಿಗೆ ಸಂಬಂಧಪಟ್ಟುದು. ಪ್ರೋಟೀನು ಮಾಡುವ ಕೆಲಸವು ಅದರ ಆಕೃತಿಯನ್ನು ಅನುಸರಿಸಿರುತ್ತದೆ. ಆಕೃತಿಯು ಕೆಟ್ಟರೆ ಕೆಲಸವೂ ಕೆಡುತ್ತದೆ. ಕೆಲಸವು ಕೆಟ್ಟಾಗ ದೇಹದಲ್ಲಿ ಕಾಣುವುದನ್ನು ರೋಗವೆಂದು ಕರೆಯುತ್ತಾರೆ.

ಪ್ರೋಟೀನೆಂಬುದು ಅಮೈನೋ ಆಮ್ಲಗಳೆಂಬ ಚಿಕ್ಕ ಘಟಕಗಳನ್ನು ಒಂದರ ಮುಂದೊಂದಾಗಿ ಕೋದ ಸರ. ಈ ಘಟಕಗಳಲ್ಲಿ ಸಾಮಾನ್ಯವಾಗಿ ಉಪಯೋಗಕ್ಕೆ ಬರುವುವು 20 ಬಗೆ. ಅವನ್ನು ಅಕ್ಷರಗಳೆಂದು ಭಾವಿಸಿದರೆ ಪ್ರೋಟೀನು ಒಂದು ದೀರ್ಘವಾದ ಪದವಾಗುವುದು. ಯಾವ ಅಕ್ಷರದ ಮುಂದೆ ಯಾವ ಅಕ್ಷರವೆಂಬುದು ಪ್ರತಿಯೊಂದು ಪ್ರೋಟೀನಿನಲ್ಲಿಯೂ ನಿಯತವಾಗಿರುತ್ತದೆಯೆಂದು ಮೊದಲು ತೋರಿಸಿಕೊಟ್ಟವರು ಕೇಂಬ್ರಿಜ್ಜಿನ ಫ್ರೆಡರಿಕ್ ಸ್ಯಾಂಗರ್. 51 ಅಕ್ಷರಗಳುಳ್ಳ ಇನ್ಸುಲಿನ್ನಿನ ಪೂರ್ಣಪಾಠವನ್ನು ಅವರು 1955ರ ವೇಳೆಗೆ ನಿರ್ಣಯಿಸಿದರು. ತುಂಡುತುಂಡಾಗಿ ದೊರೆತ ಓಲೆಗಳನ್ನು ಒಂದರ ಅಂಚಿಗೊಂದನ್ನು ಹೊಂದಿಸಿ ಗ್ರಂಥಪಾಠವನ್ನು ಕೂಡಿಸುವ ಸಂಪಾದಕರ ಕೆಲಸವನ್ನು ಬಲ್ಲವರಿಗೆ ಸ್ಯಾಂಗರರ ಮಾರ್ಗವು ಅಪರಿಚಿತವೆನಿಸದು. ಅವರೂ ಸರವನ್ನು ಬೇರೆ ಬೇರೆ ಕಡೆಗಳಲ್ಲಿ ಕತ್ತರಿಸಿ, ತುಂಡುಗಳಲ್ಲಿ ಸಮಾನವಾಗಿದ್ದ ಭಾಗಗಳನ್ನು ನೋಡಿ ಮೂಲಕ್ರಮವನ್ನು ಊಹಿಸಿದರು.

ಇಲ್ಲಿಗೆ ಅಕ್ಷರದ ಉಪಮಾನವು ಸಲ್ಲುತ್ತದೆ. ಆದರೆ ಉಪಮಾನವನ್ನು ಅದು ಸಲ್ಲುವಷ್ಟಕ್ಕೆ ಮಾತ್ರ ಬಳಸಬೇಕು. ಪದದ ಅರ್ಥವು ಕೇಳುವವನ ಸಂಕೇತಜ್ಞಾನವನ್ನು ಅವಲಂಬಿಸಿದೆ. ಕನ್ನಡವರಿಯದವನಿಗೆ 'ನೀರು' ಎಂಬುದು ಬರಿಯ ಧ್ವನಿ. ಪ್ರೋಟೀನಿಗೆ ಕೇಳುವವರಿಲ್ಲ. ಅದರ ಸರವು ನೀರಿನಲ್ಲಿ ಬಿದ್ದೊಡನೆ ತನ್ನಷ್ಟಕ್ಕೆ ತಾನೇ ಮಡಿಚಿಕೊಂಡು ಒಂದು ನಿಶ್ಚಿತವಾದ ಗಂಟಾಗುತ್ತದೆ. 20 ಅಕ್ಷರಗಳಲ್ಲಿ ಕೆಲವು ನೀರಿಗೆ ಒಲಿಯುವುವು. ಕೆಲವು ಎಣ್ಣೆಯಂತೆ ನೀರಿಗೆ ವಿಮುಖವಾಗಿರುವುವು. ಎರಡನೆಯ ಬಗೆಯವು ಗಂಟಿನ ಒಳಗೆ ಅಡಗುತ್ತವೆ. ಮೊದಲನೆಯ ಬಗೆಯವು ಹೊರಮೈಯಲ್ಲಿ ನಿಲ್ಲುತ್ತವೆ. ಅಮೆರಿಕದ ಕ್ರಿಶ್ಚಿಯನ್ ಆನ್ಫಿನ್‌ಸನ್ನರು 124 ಅಕ್ಷರಗಳುಳ್ಳ ರೈಬೋನ್ಯೂಕ್ಲಿಯೇಸ್ ಎಂಬ ಪ್ರೋಟೀನನ್ನು ಯೂರಿಯ ಮೊದಲಾದ ದ್ರವ್ಯಗಳಿಂದ ಬಿಚ್ಚಿದರು. ಅದು ತನ್ನ ಕೆಲಸವನ್ನು ನಿಲ್ಲಿಸಿತು. ಆ ದ್ರವ್ಯಗಳನ್ನು ತೆಗೆದುಹಾಕಿದಾಗ ಸರವು ಮತ್ತೆ ಮಡಿಚಿಕೊಂಡು ಮೊದಲಿನ ಕೆಲಸಕ್ಕೆ ತೊಡಗಿತು. ಆಕೃತಿಗೆ ಬೇಕಾದ ಸೂಚನೆಯೆಲ್ಲವೂ ಅಕ್ಷರಕ್ರಮದಲ್ಲಿಯೇ ಅಡಗಿದೆಯೆಂಬುದು ಇದರಿಂದ ಸಿದ್ಧವಾಯಿತು. ಜೀವಕೋಶದೊಳಗೆ ಅನೇಕ ಪ್ರೋಟೀನುಗಳ ಮಡಿಕೆಗೆ ಬೇರೆ ಸಹಾಯಕ ಪ್ರೋಟೀನುಗಳೂ ಬೇಕಾಗುವುವೆಂದು ಆಮೇಲೆ ತಿಳಿದುಬಂದಿದೆ. ಆದರೆ ಅವು ಅಡ್ಡಿಯನ್ನು ನಿವಾರಿಸುವುವೇ ಹೊರತು ಆಕೃತಿಯನ್ನು ಉಪದೇಶಿಸುವುದಿಲ್ಲ.

ಮಡಿಕೆಯು ಸ್ವೇಚ್ಛೆಯದಲ್ಲ. ಸರದ ಪ್ರತಿಯೊಂದು ಕೊಂಡಿಯ ಬಳಿಯಲ್ಲಿಯೂ ತಿರುಗಬಹುದಾದ ಎರಡು ಕೋನಗಳಿವೆ. ಆ ಎರಡು ಕೋನಗಳಿಗೆ ಯಾವ ಯಾವ ಬೆಲೆಗಳು ಒಟ್ಟಿಗೆ ಸಲ್ಲುವುವು, ಯಾವುವು ಸಲ್ಲವು ಎಂಬುದನ್ನು ಒಂದೇ ನಕ್ಷೆಯಲ್ಲಿ ಬರೆದು ತೋರಿಸಿದ ಕೀರ್ತಿಯು ಜಿ. ಎನ್. ರಾಮಚಂದ್ರನ್ ಅವರಿಗೆ ಸಲ್ಲತಕ್ಕದ್ದು. ಅವರು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಸಿ. ವಿ. ರಾಮನ್ನರ ಶಿಷ್ಯರಾಗಿದ್ದವರು, ಮದರಾಸು ವಿಶ್ವವಿದ್ಯಾನಿಲಯದಲ್ಲಿದ್ದಾಗ ರಾಮಕೃಷ್ಣನ್, ಶಶಿಶೇಖರನ್ ಎಂಬವರೊಡನೆ 1963ರಲ್ಲಿ ಈ ನಕ್ಷೆಯನ್ನು ಪ್ರಕಟಿಸಿದರು. ಬಳಿಕ ಬೆಂಗಳೂರಿಗೆ ಹಿಂದಿರುಗಿ ಅಲ್ಲಿಯೇ ಅಣುಜೀವಭೌತವಿಜ್ಞಾನದ ವಿಭಾಗವೊಂದನ್ನು ಸ್ಥಾಪಿಸಿದರು. ಕಂದಪದ್ಯದ ವಿಷಮಸ್ಥಾನಗಳಲ್ಲಿ ಜಗಣವು ಬರಕೂಡದೆಂಬ ನಿಯಮವನ್ನು ಬಲ್ಲವರು, ಈ ನಕ್ಷೆಯಲ್ಲಿ ಬಹುಭಾಗವು ನಿಷಿದ್ಧವಾಗಿ ಕೆಲವೇ ಪ್ರದೇಶಗಳು ವಿಹಿತವಾಗಿರುವುದನ್ನು ಕಂಡು ಆಶ್ಚರ್ಯಪಡರು. ಛಂದಸ್ಸಿನ ನಿಷೇಧಕ್ಕೆ ಕಿವಿಯು ಪ್ರಮಾಣ. ಇಲ್ಲಿಯ ನಿಷೇಧಕ್ಕೆ ಕಾರಣ ಪರಮಾಣುಗಳು ಒಂದನ್ನೊಂದು ತಾಗುವುದು. ಇಂದಿಗೂ ಹೊಸದಾಗಿ ನಿರ್ಣಯಿಸಿದ ಪ್ರೋಟೀನಿನ ರಚನೆಯು ಸರಿಯೋ ತಪ್ಪೋ ಎಂದು ಪರೀಕ್ಷಿಸುವವರು ಈ ನಕ್ಷೆಯ ಮೇಲೆ ಅದನ್ನು ಇಟ್ಟು ನೋಡುತ್ತಾರೆ.

ಅದೇ ರಾಮಚಂದ್ರನ್ನರು ಗೋಪಿನಾಥ ಕರ್ತರೊಡನೆ 1954ರಲ್ಲಿ, ಚರ್ಮ, ಮೂಳೆ, ಸ್ನಾಯುರಜ್ಜುಗಳಿಗೆ ಆಧಾರವಾದ ಕೊಲಾಜನ್ ಎಂಬ ಪ್ರೋಟೀನಿನಲ್ಲಿ ಮೂರು ಸರಗಳು ಜಡೆಯಂತೆ ಹೆಣೆದುಕೊಂಡಿರುವುವೆಂದು ಸೂಚಿಸಿದರು. ಜಡೆಯ ನಡುವೆ ಇಂಬು ಬಹಳ ಕಡಮೆ. ಆದುದರಿಂದ ಪ್ರತಿ ಮೂರನೆಯ ಸ್ಥಾನದಲ್ಲಿಯೂ ಅಕ್ಷರಗಳಲ್ಲೆಲ್ಲ ಅತ್ಯಂತ ಚಿಕ್ಕದಾದ ಗ್ಲೈಸೀನ್ ಬರಲೇಬೇಕು. ಈ ಗ್ಲೈಸೀನುಗಳಲ್ಲಿ ಒಂದು ಹೋಗಿ ದಪ್ಪನಾದ ಬೇರೊಂದು ಅಕ್ಷರವು ಬಂದರೆ ಜಡೆಯು ಅಲ್ಲಿ ಉಬ್ಬುತ್ತದೆ. ಅಂತಹ ಕೊಲಾಜನ್ನುಳ್ಳ ಶಿಶುವಿನ ಮೂಳೆಗಳು ಅಲ್ಪ ಆಘಾತಕ್ಕೂ ಮುರಿಯುವುವು. ರಚನೆಗೂ ರೋಗಕ್ಕೂ ಇರುವ ಸಂಬಂಧಕ್ಕೆ ಇದೊಂದು ಸ್ಪಷ್ಟವಾದ ನಿದರ್ಶನ. ಆದರೆ ಈ ಸಂಬಂಧವು ಮೊಟ್ಟಮೊದಲು ಬೆಳಕಿಗೆ ಬಂದುದು ರಕ್ತದ ಮೂಲಕ. ಆ ವೃತ್ತಾಂತವನ್ನು ವಿಸ್ತಾರವಾಗಿಯೇ ಹೇಳಬೇಕಾಗಿದೆ.

ಚಿಕಾಗೊ ನಗರದ ವೈದ್ಯರಾದ ಜೇಮ್ಸ್ ಹೆರಿಕ್ ಎಂಬವರು 1910ರಲ್ಲಿ ಒಂದು ಲೇಖನವನ್ನು ಪ್ರಕಟಿಸಿದರು. ಗ್ರೆನಾಡ ದ್ವೀಪದಿಂದ ದಂತವೈದ್ಯವನ್ನು ಕಲಿಯಲು ಬಂದಿದ್ದ ತರುಣನೊಬ್ಬನ ರಕ್ತದಲ್ಲಿ, ದುಂಡಗಿರಬೇಕಾದ ಕೆಂಪು ಕಣಗಳ ನಡುವೆ ಉದ್ದವಾಗಿ ಬಾಗಿದ, ಕುಡುಗೋಲಿನಂತಹ ಕಣಗಳು ಕಂಡುವು. ಇದರಿಂದಲೇ ರೋಗಕ್ಕೆ ಹೆಸರು ಬಂದಿತು. ಹಿಂದಿಯ ಪಾರಿಭಾಷಿಕರು ಅಮರಕೋಶದ 'ದಾತ್ರ' ಶಬ್ದವನ್ನು ತೆಗೆದುಕೊಂಡಿದ್ದಾರೆ. ಕನ್ನಡದಲ್ಲಿ 'ಕುಡುಗೋಲು ಕಣ ರೋಗ'ವೆಂಬುದು ನಿಂತಿದೆ. ಕನ್ನಡದ್ದೇ ಮೇಲು. ಗದ್ದೆಯಲ್ಲಿ ಕೊಯ್ಲುಮಾಡುವವನಿಗೂ ಅದು ಒಡನೆಯೇ ಅರ್ಥವಾಗುವುದು. ಆ ರೋಗದಿಂದ ನರಳುವವರಲ್ಲಿ ಬಹುಮಂದಿ ನಿಘಂಟನ್ನು ನೋಡುವವರಲ್ಲ.

ಕಣವು ಬಾಗುವುದು ಆಮ್ಲಜನಕದ ಕೊರತೆಯಾದಾಗ ಎಂದು 1927ರಲ್ಲಿ ಹಾನ್, ಗಿಲೆಸ್ಪಿ ಎಂಬವರು ತೋರಿಸಿದರು. ಆಮ್ಲಜನಕವನ್ನು ಮತ್ತೆ ಒದಗಿಸಿದರೆ ಕಣವು ದುಂಡಗಾಗುತ್ತಿತ್ತು. 1945ರಲ್ಲಿ ವಿಲಿಯಂ ಕ್ಯಾಸಲ್ ಎಂಬ ವೈದ್ಯರ ಮಾತಿನಿಂದ ಈ ಸಂಗತಿಯು ರಸಾಯನಶಾಸ್ತ್ರಜ್ಞರಾದ ಲೈನಸ್ ಪೌಲಿಂಗರ ಕಿವಿಗೆ ಬಿದ್ದಿತು. ಕೆಂಪುಕಣದೊಳಗೆ ಆಮ್ಲಜನಕದೊಡನೆ ಕೂಡಿ ಬಿಡುವ ಪದಾರ್ಥವು ಹೀಮೊಗ್ಲೋಬಿನ್ ಎಂಬ ಪ್ರೋಟೀನು. ಆದುದರಿಂದ ದೋಷವು ಕಣದ ಚರ್ಮದಲ್ಲಿಲ್ಲ, ಹೀಮೊಗ್ಲೋಬಿನ್ನಿನಲ್ಲಿಯೇ ಇರಬೇಕೆಂದು ಅವರು ತರ್ಕಿಸಿದರು. ಹೇತುವು ಇಷ್ಟೇ, ಆದರೆ ವೈದ್ಯರು 35 ವರ್ಷ ನೋಡಿದ್ದರೂ ಅದು ಹೊಳೆದಿರಲಿಲ್ಲ.

ಪೌಲಿಂಗ್, ಇಟಾನೊ, ಸಿಂಗರ್, ವೆಲ್ಸ್ ಎಂಬ ನಾಲ್ವರು ರೋಗಿಗಳ ಹೀಮೊಗ್ಲೋಬಿನ್ನನ್ನೂ ಆರೋಗ್ಯವಂತರದನ್ನೂ ವಿದ್ಯುತ್ಕ್ಷೇತ್ರದಲ್ಲಿಟ್ಟು ಅವುಗಳ ಚಲನೆಯನ್ನು ಹೋಲಿಸಿದರು. ಎರಡೂ ಒಂದೇ ವೇಗದಲ್ಲಿ ಚಲಿಸಲಿಲ್ಲ. ರೋಗಿಗಳದಕ್ಕೆ ಋಣವಿದ್ಯುತ್ತು ಸ್ವಲ್ಪ ಕಡಮೆಯಾಗಿತ್ತು. ತಂದೆತಾಯಿಗಳಲ್ಲಿ ಒಬ್ಬರಿಂದ ಮಾತ್ರ ದೋಷವನ್ನು ಪಡೆದು ತಾವು ರೋಗಿಗಳಾಗದೆ ಇರುವ 'ವಾಹಕ'ರ ರಕ್ತದಲ್ಲಿ ಎರಡು ಬಗೆಯೂ ಬೆರೆತಿದ್ದುವು. 1949ರಲ್ಲಿ ಪ್ರಕಟವಾದ ಆ ಲೇಖನಕ್ಕೆ ಅವರು ಇದನ್ನು 'ಅಣುವಿನ ರೋಗ'ವೆಂದು ಕರೆಯುವ ಶೀರ್ಷಿಕೆಯನ್ನಿಟ್ಟರು. ರೋಗವೆಂಬುದು ದೋಷಗಳ ವೈಷಮ್ಯದಲ್ಲಿಯೋ ಅಂಗದಲ್ಲಿಯೋ ಕೋಶದಲ್ಲಿಯೋ ಇರುವುದೆಂಬ ಭಾವನೆಗಳ ಪಕ್ಕದಲ್ಲಿ, ಒಂದು ರಾಸಾಯನಿಕ ಅಣುವಿನಲ್ಲಿಯೂ ಇರಬಹುದೆಂಬ ಮಾತು ಆಗ ತೀರ ಹೊಸದು.

ಆ ಅಣುವಿನಲ್ಲಿ ದೋಷವು ಎಲ್ಲಿದೆ? ಇದಕ್ಕೆ ಉತ್ತರವನ್ನು ಕೊಟ್ಟವರು ಕೇಂಬ್ರಿಜ್ಜಿನಲ್ಲಿದ್ದ ವರ್ನನ್ ಇಂಗ್ರಾಂ. ಹೀಮೊಗ್ಲೋಬಿನ್ನಿನಲ್ಲಿ ನಾಲ್ಕು ಸರಗಳಿವೆ: ಆಲ್ಫ ಎಂಬ ಬಗೆಯವು ಎರಡು, ಬೀಟ ಎಂಬ ಬಗೆಯವು ಎರಡು. ಆಲ್ಫ ಸರದಲ್ಲಿ 141, ಬೀಟ ಸರದಲ್ಲಿ 146 ಅಕ್ಷರಗಳು, ಒಟ್ಟು 574. ಇಂಗ್ರಾಮರು ಟ್ರಿಪ್ಸಿನ್ ಎಂಬ ಪಾಚಕದ್ರವ್ಯದಿಂದ ಸರಗಳನ್ನು ನಿಯತಸ್ಥಾನಗಳಲ್ಲಿ ಕತ್ತರಿಸಿ, ತುಂಡುಗಳನ್ನು ಒಂದು ಕಾಗದದ ಮೇಲೆ ಹರಡಿದರು. ಸುಮಾರು 30 ಚುಕ್ಕೆಗಳು ಮೂಡಿದುವು. ಆರೋಗ್ಯವಂತರ ಕಾಗದವನ್ನೂ ರೋಗಿಯ ಕಾಗದವನ್ನೂ ಪಕ್ಕಪಕ್ಕದಲ್ಲಿಟ್ಟಾಗ ಒಂದೇ ಒಂದು ಚುಕ್ಕೆಯು ಸ್ಥಾನಪಲ್ಲಟವಾಗಿತ್ತು. 1956ರಲ್ಲಿ ಇದು ಗೊತ್ತಾಯಿತು. 1957ರಲ್ಲಿ ಆ ತುಂಡಿನ ಅಕ್ಷರಗಳನ್ನು ಬಿಡಿಸಿದಾಗ, ಗ್ಲುಟಾಮಿಕ್ ಆಮ್ಲವಿರಬೇಕಾದ ಕಡೆಯಲ್ಲಿ ವ್ಯಾಲೀನ್ ಇದ್ದುದು ಕಂಡುಬಂದಿತು. ಅದು ಬೀಟ ಸರದ ಆರನೆಯ ಸ್ಥಾನವೆಂದು ಬಳಿಕ ನಿರ್ಣಯವಾಯಿತು. ಉಳಿದೆಲ್ಲವೂ ತದ್ವತ್.

ವೃತ್ರನ ಕಥೆಯು ಇಲ್ಲಿ ಸಂಸ್ಕೃತಜ್ಞರಿಗೆ ನೆನಪಾಗದಿರದು. ಇಂದ್ರನನ್ನು ಕೊಲ್ಲತಕ್ಕ ಮಗನನ್ನು ಬಯಸಿ ತ್ವಷ್ಟೃವು ಹೋಮಮಾಡಿದಾಗ, 'ಇಂದ್ರಶತ್ರು' ಎಂಬ ಪದದ ಕೊನೆಯಲ್ಲಿರಬೇಕಾದ ಉದಾತ್ತಸ್ವರವು ಮೊದಲಿಗೆ ಬಂದು, ತತ್ಪುರುಷವು ಬಹುವ್ರೀಹಿಯಾಗಿ, ಕೊಲ್ಲಬೇಕಾದವನೇ ಕೊಲ್ಲಲ್ಪಟ್ಟನೆಂದು ವೈಯಾಕರಣರು ಹೇಳುತ್ತಾರೆ. ಅಲ್ಪವಾದ ವ್ಯತ್ಯಯದಿಂದ ಮಹತ್ತಾದ ಅನರ್ಥವೆಂಬಷ್ಟಕ್ಕೆ ಈ ಕಥೆಯು ಒಪ್ಪುತ್ತದೆ. ಆದರೆ ಆ ಕಥೆಯಲ್ಲಿ ಅನರ್ಥವು ಹೇಗಾಯಿತೆಂದು ಕೇಳಿದರೆ ಮಂತ್ರದ ಶಕ್ತಿಯಿಂದ ಎಂಬುದೇ ಉತ್ತರ. ರಕ್ತದ ವಿಷಯದಲ್ಲಿ ಅಷ್ಟಕ್ಕೆ ತೃಪ್ತಿಪಡಲಾಗದು. ಒಂದು ಅಕ್ಷರದಿಂದ ಕಣವು ಬಾಗುವವರೆಗೆ ನಡುವಿನ ಹೆಜ್ಜೆಗಳನ್ನೆಲ್ಲ ತೋರಿಸಬೇಕು. ಅದಕ್ಕೆ ಅಣುವಿನ ಆಕೃತಿಯೇ ಗೊತ್ತಿರಬೇಕು.

ಆ ಆಕೃತಿಗಾಗಿ ವಿಯೆನ್ನದಲ್ಲಿ ಹುಟ್ಟಿ ಕೇಂಬ್ರಿಜ್ಜಿನಲ್ಲಿ ನೆಲಸಿದ ಮ್ಯಾಕ್ಸ್ ಪೆರುಟ್ಜರು 22 ವರ್ಷ ದುಡಿದರು. 1937ರಲ್ಲಿ ಹೀಮೊಗ್ಲೋಬಿನ್ನಿನ ಹರಳುಗಳ ಮೇಲೆ ಕ್ಷಕಿರಣಗಳನ್ನು ಹಾಯಿಸಲು ತೊಡಗಿದವರಿಗೆ 1959ರಲ್ಲಿ ಅಣುವಿನ ಸ್ಥೂಲರೂಪವು ದೊರೆಯಿತು. ನಡುವೆ ಬಹುಕಾಲ ಚಿತ್ರಗಳು ಇದ್ದುವು, ಅವುಗಳನ್ನು ಓದುವ ಕೀಲಿಯಿರಲಿಲ್ಲ; ಪಾದರಸದ ಪರಮಾಣುಗಳನ್ನು ಅಣುವಿಗೆ ಅಂಟಿಸಿ ಹೋಲಿಸುವ ಉಪಾಯವು 1953ರಲ್ಲಿ ಫಲಿಸಿದ ಮೇಲೆ ದಾರಿ ತೆರೆಯಿತು. ಲಿಪಿಯನ್ನು ಓದಲಾರದೆ ಶಾಸನದ ಅಚ್ಚುಗಳನ್ನು ಕೂಡಿಹಾಕಿಕೊಂಡು ಕುಳಿತವನ ತಾಳ್ಮೆಗೆ ಇದನ್ನು ಹೋಲಿಸಬಹುದು. ಅವರಿಗೂ ಸಹೋದ್ಯೋಗಿ ಜಾನ್ ಕೆಂಡ್ರೂ ಅವರಿಗೂ 1962ರಲ್ಲಿ ನೊಬೆಲ್ ಪಾರಿತೋಷಕವು ಬಂದಿತು.

ನಾಲ್ಕು ಸರಗಳೂ ಒಂದೊಂದು ಗಂಟಾಗಿ ಒತ್ತಾಗಿ ಕೂಡಿವೆ. ಪ್ರತಿಯೊಂದರ ಮಡಿಕೆಯಲ್ಲಿಯೂ ಒಂದು ಕಬ್ಬಿಣದ ಪರಮಾಣುವುಂಟು. ಆಮ್ಲಜನಕವು ಅಂಟುವುದು ಅದಕ್ಕೆ. ಆಮ್ಲಜನಕವು ಅಂಟಿದಾಗ ಕಬ್ಬಿಣವು ಅತ್ಯಲ್ಪವಾಗಿ ಸರಿಯುತ್ತದೆ. ಕೂದಲೆಳೆಯ ದಪ್ಪವನ್ನು ಹತ್ತಾರು ಲಕ್ಷ ಪಾಲುಮಾಡಿದರೆ ಒಂದು ಪಾಲಿನಷ್ಟು ಎನ್ನಬಹುದು. ಆ ಸರಿತವು ಸರವನ್ನು ಎಳೆದು, ಸರವು ಪಕ್ಕದ ಸರವನ್ನು ತಳ್ಳಿ, ಕೊನೆಗೆ ಇಡೀ ಅಣುವೇ ಒಂದು ನಿಲುವಿನಿಂದ ಇನ್ನೊಂದು ನಿಲುವಿಗೆ ಹೊರಳುವುದು. ಮೊದಲನೆಯ ಆಮ್ಲಜನಕವು ಕಷ್ಟದಿಂದ ಕೂಡಿದರೂ ಮುಂದಿನವು ಸುಲಭವಾಗಿ ಕೂಡುವುದು ಇದರಿಂದಲೇ. ಶ್ವಾಸಕೋಶದಲ್ಲಿ ತುಂಬಿಕೊಳ್ಳುವುದು, ದೇಹದ ಅಂಚಿನಲ್ಲಿ ಬಿಟ್ಟುಕೊಡುವುದು ಎಂಬ ಎರಡು ಕೆಲಸಗಳೂ ಈ ಹೊರಳಿಕೆಯನ್ನೇ ನಂಬಿವೆ.

ಈಗ ವ್ಯಾಲೀನಿಗೆ ಬರಬಹುದು. ಗ್ಲುಟಾಮಿಕ್ ಆಮ್ಲವು ನೀರಿಗೆ ಒಲಿದ, ಋಣವಿದ್ಯುತ್ತುಳ್ಳ ಅಕ್ಷರ. ಅದು ಅಣುವಿನ ಹೊರಮೈಯಲ್ಲಿರುವುದು ಉಚಿತವಾಗಿಯೇ ಇತ್ತು. ವ್ಯಾಲೀನ್ ನೀರಿಗೆ ವಿಮುಖವಾದುದು. ಅದು ಹೊರಮೈಯಲ್ಲಿ ಒಂಟಿಯಾಗಿ ನಿಂತು ಅಡಗಲು ತಾಣವನ್ನು ಹುಡುಕುತ್ತದೆ. ಆಮ್ಲಜನಕವನ್ನು ಬಿಟ್ಟ ನಿಲುವಿನಲ್ಲಿ ಹೀಮೊಗ್ಲೋಬಿನ್ನಿನ ಬೀಟ ಸರದ ಮೇಲೆ, 85 ಮತ್ತು 88ನೆಯ ಅಕ್ಷರಗಳ ಬಳಿಯಲ್ಲಿ, ನೀರಿಗೆ ವಿಮುಖವಾದ ಒಂದು ಕುಳಿಯು ತೆರೆದುಕೊಳ್ಳುವುದು. ಒಂದು ಅಣುವಿನ ವ್ಯಾಲೀನ್ ನೆರೆಯ ಅಣುವಿನ ಈ ಕುಳಿಯಲ್ಲಿ ಕೂಡುತ್ತದೆ. ಆ ನೆರೆಯದರ ವ್ಯಾಲೀನ್ ಮತ್ತೊಂದರಲ್ಲಿ. ಹೀಗೆ ಅಣುಗಳು ಸಾಲುಗಟ್ಟಿ, 14 ಎಳೆಗಳ ಹುರಿಗಳಾಗಿ, ಆ ಹುರಿಗಳು ಕಣದ ಪೊರೆಯನ್ನು ಒಳಗಿನಿಂದ ನೂಕಿ ಅದನ್ನು ಬಾಗಿಸುವುವು. ಆಮ್ಲಜನಕವು ಕೂಡಿದ ನಿಲುವಿನಲ್ಲಿ ಆ ಕುಳಿಯು ಒದಗದು; ಆದುದರಿಂದಲೇ ಆಮ್ಲಜನಕವು ಬಂದೊಡನೆ ಹುರಿಗಳು ಕರಗುವುದು. ಹಾನ್, ಗಿಲೆಸ್ಪಿಯವರು 1927ರಲ್ಲಿ ಕಂಡುದಕ್ಕೆ ಕಾರಣವು ಹೀಗೆ ಪೂರ್ಣವಾಯಿತು.

ಇದರಲ್ಲಿ ಗಮನಿಸತಕ್ಕ ಸಂಗತಿಯೊಂದುಂಟು. ರೋಗಿಯ ಹೀಮೊಗ್ಲೋಬಿನ್ ಆಮ್ಲಜನಕವನ್ನು ಹೊರುವ ತನ್ನ ಕೆಲಸವನ್ನು ಮರೆತಿರುವುದಿಲ್ಲ. ಅದಕ್ಕೆ ಬೇಡದ ಇನ್ನೊಂದು ಗುಣವು ಬಂದು ಸೇರಿದೆ, ಅಷ್ಟೆ. ರಚನೆ ಕೆಟ್ಟರೆ ಕೆಲಸವು ನಿಲ್ಲುವುದೆಂಬ ಸಾಮಾನ್ಯವಾದ ಮಾತು ಇಲ್ಲಿ ಸಾಲದು. ಆದರೂ ಫಲವು ಘೋರವಾಗಿದೆ. ಬಾಗಿದ ಕಣಗಳು ಸೂಕ್ಷ್ಮನಾಳಗಳಲ್ಲಿ ಸಿಕ್ಕಿಕೊಂಡು ರಕ್ತವನ್ನು ತಡೆಯುವುವು. ಮೂಳೆ, ಎದೆ, ಹೊಟ್ಟೆಗಳಲ್ಲಿ ಅಸಹ್ಯವಾದ ನೋವು ಬರುವುದು. ಸುಮಾರು 120 ದಿವಸ ಬಾಳಬೇಕಾದ ಕಣವು 10–20 ದಿವಸಗಳಲ್ಲಿಯೇ ಒಡೆದುಹೋಗುವುದು, ಅದರಿಂದ ರಕ್ತಹೀನತೆ. ಹುರಿಗಟ್ಟಲು ಅಲ್ಪಕಾಲವು ಬೇಕು. ಅಷ್ಟರೊಳಗೆ ಕಣವು ನಾಳವನ್ನು ದಾಟಿದರೆ ಅಪಾಯವಿಲ್ಲ. ಕಣದೊಳಗಿನ ನೀರು ಸ್ವಲ್ಪ ತಗ್ಗಿದರೂ ಈ ಅವಧಿಯು ಬಹಳವಾಗಿ ಕುಗ್ಗುತ್ತದೆ. ಬಾಯಾರಿಕೆ, ಜ್ವರ, ಚಳಿ ಮೊದಲಾದ ಸಾಮಾನ್ಯ ಕಾರಣಗಳು ರೋಗಿಯನ್ನು ಹಾಸಿಗೆಗೆ ಕೆಡಹುವುದರ ಗುಟ್ಟು ಇದು.

ಅಕ್ಷರವು ಬದಲಾದೊಡನೆ ಅನರ್ಥವೆಂದೂ ತಿಳಿಯಕೂಡದು. ಹೀಮೊಗ್ಲೋಬಿನ್ನಿನ ಪಾಠಾಂತರಗಳು ಸಾವಿರಕ್ಕೂ ಹೆಚ್ಚು ತಿಳಿದಿವೆ. ಅವುಗಳಲ್ಲಿ ಬಹುಭಾಗವು ನಿರಪಾಯ. ಬೀಟ ಸರದ ಅದೇ ಆರನೆಯ ಸ್ಥಾನದಲ್ಲಿ ವ್ಯಾಲೀನಿನ ಬದಲು ಲೈಸೀನ್ ಬಂದರೆ ಆ ಹೀಮೊಗ್ಲೋಬಿನ್ ತಾನಾಗಿ ಹುರಿಗಟ್ಟುವುದಿಲ್ಲ. ಉಂಟಾಗುವ ತೊಂದರೆ ಬಹು ಸೌಮ್ಯವಾದುದು. ಲೈಸೀನಿಗೂ ವಿದ್ಯುತ್ತುಂಟು, ಅದು ನೀರಿಗೆ ಒಲಿದುದು. ಕುಳಿಯಲ್ಲಿ ಅಡಗಲು ಅದಕ್ಕೆ ಮನಸ್ಸಿಲ್ಲ. ದೋಷವುಳ್ಳ ವ್ಯಾಲೀನ್ ಸಾವಿರಾರು ವರ್ಷ ಮನುಷ್ಯಕುಲದಲ್ಲಿ ಉಳಿದುಬಂದುದಕ್ಕೂ ಕಾರಣವಿದೆ. ವಾಹಕರಿಗೆ ಮಲೇರಿಯದ ಉಗ್ರರೂಪದಿಂದ ರಕ್ಷಣೆ ದೊರೆಯುವುದೆಂದು 1954ರಲ್ಲಿ ಆಂತೊನಿ ಆಲಿಸನ್ ತೋರಿಸಿದರು. ಆಫ್ರಿಕದಲ್ಲಿಯೂ ಭಾರತದ ಕಾಡುನಾಡುಗಳಲ್ಲಿಯೂ ಇದು ಹೆಚ್ಚಾಗಿರುವುದಕ್ಕೆ ಇದೇ ಸಮಾಧಾನ.

ದಕ್ಷಿಣಭಾರತದಲ್ಲಿ ಈ ಕಣಗಳನ್ನು ಮೊದಲು ವರದಿಮಾಡಿದವರು ಲೇಮನ್, ಕಟ್‌ಬುಷ್ ಎಂಬವರು. ಸ್ಥಳವು ನೀಲಗಿರಿ, ವರ್ಷ 1952. ನೀಲಗಿರಿಗೆ ಹೊಂದಿಕೊಂಡ ಕರ್ಣಾಟಕದ ಕಾಡುಗಳಲ್ಲಿಯೂ, ಮೈಸೂರು, ಚಾಮರಾಜನಗರ, ಕೊಡಗು ಜಿಲ್ಲೆಗಳ ಸೋಲಿಗ, ಜೇನುಕುರುಬ ಮೊದಲಾದ ಜನಗಳಲ್ಲಿ ಇದು ಉಂಟು. ಭಾರತದ ಹಲವು ರೋಗಿಗಳಲ್ಲಿ ಗರ್ಭಸ್ಥಶಿಶುವಿನ ಹೀಮೊಗ್ಲೋಬಿನ್ ದೊಡ್ಡವರಾದ ಮೇಲೂ ಸಾಕಷ್ಟು ಉಳಿದಿರುತ್ತದೆ. ಅದರಲ್ಲಿ ಬೀಟ ಸರವಿಲ್ಲ. ಆ ಸ್ಥಾನದಲ್ಲಿರುವ ಗಾಮ ಸರವು ಹುರಿಗೆ ಒಗ್ಗದೆ ಅಡ್ಡವಾಗುವುದು. ಹೈಡ್ರಾಕ್ಸಿಯೂರಿಯ ಎಂಬ ಔಷಧವು ಮಾಡುವ ಉಪಕಾರವೂ ಮುಖ್ಯವಾಗಿ ಈ ಹೀಮೊಗ್ಲೋಬಿನ್ನನ್ನು ಹೆಚ್ಚಿಸುವುದೇ.

ಆಕೃತಿಯನ್ನು ಅರಿತೊಡನೆ ಔಷಧವು ಕೈಗೆ ಬರುವುದೆಂಬ ಆಶೆಯು ಪೂರ್ಣವಾಗಿ ಕೈಗೂಡಿಲ್ಲ. ಹೀಮೊಗ್ಲೋಬಿನ್ನನ್ನು ಆಮ್ಲಜನಕ ಕೂಡಿದ ನಿಲುವಿನಲ್ಲಿಯೇ ಹಿಡಿದಿಡುವ ವೊಕ್ಸೆಲೊಟರ್ ಎಂಬ ಔಷಧಕ್ಕೆ 2019ರಲ್ಲಿ ಅಮೆರಿಕದಲ್ಲಿ ಅನುಮತಿ ದೊರೆಯಿತು. ಯುಕ್ತಿಯು ನಿರ್ದುಷ್ಟವಾಗಿತ್ತು. ಆದರೂ ನೋವಿನ ಬಾಧೆ ಮತ್ತು ಮರಣಗಳ ವಿಷಯದಲ್ಲಿ ಶಂಕೆಯುಂಟಾಗಿ 2024ರ ಸೆಪ್ಟೆಂಬರಿನಲ್ಲಿ ತಯಾರಕರೇ ಅದನ್ನು ಎಲ್ಲೆಡೆಯಿಂದಲೂ ಹಿಂದಕ್ಕೆ ತೆಗೆದುಕೊಂಡರು. ರೋಗಿಯ ಮಜ್ಜೆಯ ಕೋಶಗಳನ್ನು ಹೊರತೆಗೆದು, ಶಿಶುವಿನ ಹೀಮೊಗ್ಲೋಬಿನ್ನಿಗಿರುವ ತಡೆಯನ್ನು ವಂಶವಾಹಿಯಲ್ಲಿ ಕತ್ತರಿಸಿ, ಮತ್ತೆ ದೇಹಕ್ಕೆ ಸೇರಿಸುವ ಚಿಕಿತ್ಸೆಗೆ 2023ರ ಕೊನೆಯಲ್ಲಿ ಬ್ರಿಟನ್ನಿನಲ್ಲಿಯೂ ಅಮೆರಿಕದಲ್ಲಿಯೂ ಒಪ್ಪಿಗೆ ಸಿಕ್ಕಿತು. ಅಮೆರಿಕದಲ್ಲಿ ಅದಕ್ಕೆ ನಿಗದಿಯಾದ ಬೆಲೆ 22 ಲಕ್ಷ ಡಾಲರು. ಬಿಳಿಗಿರಿರಂಗನ ಬೆಟ್ಟದ ಹಾಡಿಗೆ ಆ ಮಾತು ಇನ್ನೂ ದೂರದ್ದು.

ಹಾಡಿಗೆ ಸಮೀಪವಾದುದು ಪರೀಕ್ಷೆ. 2047ರೊಳಗೆ ಈ ರೋಗವನ್ನು ನಿರ್ಮೂಲಮಾಡುವ ಗುರಿಯಿಂದ ಭಾರತ ಸರಕಾರವು 2023ರ ಜುಲೈ 1ರಂದು ಆರಂಭಿಸಿದ ಕಾರ್ಯಕ್ರಮದಲ್ಲಿ 40 ವರ್ಷದೊಳಗಿನ 7 ಕೋಟಿ ಜನರ ರಕ್ತವನ್ನು ಪರೀಕ್ಷಿಸುವ ಸಂಕಲ್ಪವಿದೆ. ಕರ್ಣಾಟಕವೂ ಅದರಲ್ಲಿ ಸೇರಿದೆ. ಮೊದಲ ಪರೀಕ್ಷೆಯು ಸುಲಭ: ಒಂದೆರಡು ಹನಿ ರಕ್ತವನ್ನು ಆಮ್ಲಜನಕವನ್ನು ಕಳೆಯುವ ದ್ರವದಲ್ಲಿ ಹಾಕಿದರೆ, ದೋಷವುಳ್ಳ ಹೀಮೊಗ್ಲೋಬಿನ್ ಕರಗದೆ ದ್ರವವು ಕದಡುತ್ತದೆ. ಆದರೆ ಕದಡಿದ ದ್ರವವು ವಾಹಕನದೋ ರೋಗಿಯದೋ ಎಂದು ಅದರಿಂದ ತಿಳಿಯದು. ವಾಹಕರಿಬ್ಬರು ಮದುವೆಯಾದರೆ ಹುಟ್ಟುವ ಪ್ರತಿಯೊಂದು ಮಗುವಿಗೂ ರೋಗವು ಬರುವ ಸಂಭವವು ನಾಲ್ಕರಲ್ಲೊಂದು ಪಾಲು. ಆದುದರಿಂದ ಆ ಭೇದವು ಗೊತ್ತಾಗಲೇಬೇಕು. ಅದಕ್ಕಾಗಿ ರಕ್ತವನ್ನು ಜಿಲ್ಲೆಯ ಪ್ರಯೋಗಶಾಲೆಗೆ ಕಳುಹಿಸಿ, ವಿದ್ಯುತ್ತಿನ ವ್ಯತ್ಯಾಸದಿಂದಲೇ ಹೀಮೊಗ್ಲೋಬಿನ್ನುಗಳನ್ನು ಬೇರ್ಪಡಿಸುತ್ತಾರೆ. ಪೌಲಿಂಗರ ಲೇಖನದಲ್ಲಿದ್ದಂತೆಯೇ, ವಾಹಕನಲ್ಲಿ ಸಹಜವಾದುದೂ ದೋಷವುಳ್ಳದ್ದೂ ಎರಡೂ ತೋರುವುವು. ರೋಗಿಯಲ್ಲಿ ಸಹಜವಾದುದು ತೋರುವುದಿಲ್ಲ.